ನುಡಿ ಕಲಿಯಲು ಕಡಲು ದಾಟಿದವರು

ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೋಗುವ ವಿದ್ಯಾರ್ಥಿಯ ಮುಂದೆ ಅನೇಕ ಕಷ್ಟಗಳು ಬಂದು ನಿಲ್ಲುತ್ತವೆ. ಹಣದ ಕಷ್ಟವಿದೆ, ಹವೆಯ ಕಷ್ಟವಿದೆ, ಊಟದ ಕಷ್ಟವಿದೆ. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಮಾತಿನ ಕಷ್ಟ. ತನ್ನ ಊರಿನ ಶಾಲೆಯಲ್ಲಿ ಹಲವು ವರ್ಷ ಇಂಗ್ಲಿಷನ್ನು ಓದಿ, ಪರೀಕ್ಷೆಗಳಲ್ಲಿ ಒಳ್ಳೆಯ ಅಂಕಗಳನ್ನು ಗಳಿಸಿದವನೂ ಇಂಗ್ಲೆಂಡಿನ ಅಥವಾ ಅಮೆರಿಕದ ತರಗತಿಯೊಂದರಲ್ಲಿ ಮೊದಲ ದಿನ ಕುಳಿತಾಗ ಅಧ್ಯಾಪಕರ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದೆ ಕಂಗಾಲಾಗುವುದುಂಟು. ಪುಸ್ತಕದಲ್ಲಿ ಕೆರೆಯ ನೀರಿನಂತೆ ನಿಂತಿದ್ದ ಭಾಷೆ ಅಲ್ಲಿ ಹೊಳೆಯಂತೆ ಹರಿಯುತ್ತಿರುತ್ತದೆ. ಕೆರೆಯಲ್ಲಿ ಈಜು ಕಲಿತವನಿಗೆ ಹೊಳೆಯ ಸೆಳವು ಹೊಸದು.

ಈ ಕಾರಣದಿಂದಲೇ ಇಂಗ್ಲಿಷ್ ಮಾತನಾಡುವ ದೇಶಗಳ ಅನೇಕ ವಿಶ್ವವಿದ್ಯಾನಿಲಯಗಳು ಹೊರನಾಡಿನ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕವಾದ ಇಂಗ್ಲಿಷ್ ತರಗತಿಗಳನ್ನು ನಡೆಸುತ್ತವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ೧೯೪೧ರಲ್ಲಿ ಚಾರ್ಲ್ಸ್ ಫ್ರೀಸ್ ಎಂಬ ಭಾಷಾವಿಜ್ಞಾನಿ ಇದಕ್ಕಾಗಿಯೇ ಒಂದು ಸಂಸ್ಥೆಯನ್ನು ತೆರೆದನು. ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ವಿದ್ಯಾರ್ಥಿಗಳಿಗೆ ಅಲ್ಲಿ ವ್ಯಾಕರಣದ ಸೂತ್ರಗಳಿಗಿಂತ ಮೊದಲು ಕೇಳುವುದನ್ನೂ ಆಡುವುದನ್ನೂ ಕಲಿಸಲಾಗುತ್ತಿತ್ತು. ಆದರೆ ಇದಕ್ಕೂ ಸುಮಾರು ಎಪ್ಪತ್ತು ವರ್ಷ ಹಿಂದೆಯೇ, ಕಲಿಸುವ ದೇಶವಲ್ಲ, ಕಲಿಯುವ ದೇಶವೊಂದು ತನ್ನ ಖರ್ಚಿನಲ್ಲಿ ಇಂಥ ಪ್ರಯತ್ನವನ್ನು ಮಾಡಿ ನೋಡಿತ್ತು. ಆ ದೇಶ ಚೀನ. ಕಡಲು ದಾಟಿದವರು ನೂರಿಪ್ಪತ್ತು ಮಂದಿ ಹುಡುಗರು. ಅವರನ್ನು ಕಳುಹಿಸಬೇಕೆಂದು ಹಟ ಹಿಡಿದವನು ಯುಂಗ್ ವಿಂಗ್.

ಯುಂಗ್ ವಿಂಗ್ ೧೮೨೮ರಲ್ಲಿ ದಕ್ಷಿಣ ಚೀನದ ಮಕಾವ್ ಪಟ್ಟಣದ ಸಮೀಪದ ಒಂದು ಹಳ್ಳಿಯಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದನು. ಅವನ ಅಣ್ಣ ಊರಿನ ವಾಡಿಕೆಯಂತೆ ಕನ್‌ಫ್ಯೂಷಿಯಸನ ಗ್ರಂಥಗಳನ್ನು ಓದುವ ಶಾಲೆಗೆ ಹೋದನು. ತಮ್ಮನನ್ನು ಮಾತ್ರ ತಂದೆತಾಯಿಗಳು ಏಳನೆಯ ವಯಸ್ಸಿನಲ್ಲಿಯೇ ಮಕಾವಿನ ಮಿಷನರಿ ಶಾಲೆಯೊಂದಕ್ಕೆ ಸೇರಿಸಿದರು. ಹೊರನಾಡಿನ ವರ್ತಕರು ಬಂದು ಹೋಗುವ ಊರಿನಲ್ಲಿ ಇಂಗ್ಲಿಷ್ ಬಲ್ಲವನಿಗೆ ದುಭಾಷಿಯ ಕೆಲಸವಾದರೂ ದೊರೆತೀತೆಂದು ಅವರ ಎಣಿಕೆಯಾಗಿದ್ದಿರಬೇಕು. ಮುಂದೆ ಅವನು ಸ್ಯಾಮ್ಯುಯೆಲ್ ಬ್ರೌನ್ ಎಂಬ ಅಮೆರಿಕನ್ ಉಪಾಧ್ಯಾಯನ ಶಾಲೆಯನ್ನು ಸೇರಿದನು. ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಲು ನಿಶ್ಚಯಿಸಿದ ಬ್ರೌನ್, ಕೆಲವು ಹುಡುಗರನ್ನು ತನ್ನೊಡನೆ ಕರೆದೊಯ್ಯಲು ಸಿದ್ಧನಿರುವುದಾಗಿ ಒಂದು ದಿನ ತರಗತಿಯಲ್ಲಿ ತಿಳಿಸಿ, ಬರಲು ಇಷ್ಟವುಳ್ಳವರು ಎದ್ದು ನಿಲ್ಲಬೇಕೆಂದನು. ಮೊದಲು ಎದ್ದವನು ಯುಂಗ್ ವಿಂಗ್. ತಂದೆ ಆ ವೇಳೆಗೆ ತೀರಿಕೊಂಡಿದ್ದನು. ತಾಯಿ ಕಣ್ಣೀರು ಸುರಿಸುತ್ತಲೇ ಒಪ್ಪಿಗೆಯನ್ನು ಕೊಟ್ಟಳು. ೧೮೪೭ರ ಜನವರಿಯಲ್ಲಿ ಹೊರಟ ಹಡಗು ಮೂರು ತಿಂಗಳಿಗೂ ಹೆಚ್ಚು ಕಾಲ ಕಡಲಿನಲ್ಲಿದ್ದು ನ್ಯೂಯಾರ್ಕನ್ನು ಮುಟ್ಟಿತು.

ಮ್ಯಾಸಚೂಸೆಟ್ಸಿನ ಮಾನ್ಸನ್ ಎಂಬಲ್ಲಿ ಶಾಲೆಯನ್ನು ಮುಗಿಸಿ ಅವನು ಯೇಲ್ ಕಾಲೇಜನ್ನು ಸೇರಿದನು. ಗಣಿತ ಅವನಿಗೆ ಕಬ್ಬಿಣದ ಕಡಲೆಯಾಗಿತ್ತು. ಇದೊಂದರಿಂದಲೇ ಕಾಲೇಜಿನಿಂದ ಹೊರಬೀಳುವೆನೋ ಎಂದು ಅಂಜುತ್ತಿದ್ದನು. ಅದೇ ವರ್ಷ ಇಂಗ್ಲಿಷ್ ಪ್ರಬಂಧರಚನೆಯಲ್ಲಿ, ಆ ಭಾಷೆಯಲ್ಲಿಯೇ ಹುಟ್ಟಿ ಬೆಳೆದ ಸಹಪಾಠಿಗಳನ್ನು ಹಿಂದೆ ಹಾಕಿ ಅವನು ಮೊದಲ ಬಹುಮಾನವನ್ನು ಪಡೆದನು. ೧೮೫೪ರಲ್ಲಿ ಅವನು ಪದವೀಧರನಾದನು. ಅಮೆರಿಕದ ಕಾಲೇಜೊಂದರಿಂದ ಪದವಿಯನ್ನು ಪಡೆದ ಮೊದಲ ಚೀನೀಯನು ಅವನೇ.

ಈ ಗೆಲುವಿಗೆ ಅವನು ತೆತ್ತ ಬೆಲೆ ತಿಳಿದುಬಂದುದು ಸ್ವದೇಶಕ್ಕೆ ಮರಳುವಾಗ. ಹಡಗು ಹಾಂಗ್‌ಕಾಂಗಿನ ಸಮೀಪಕ್ಕೆ ಬಂದಾಗ ದಾರಿ ತೋರಿಸಲು ಚೀನೀ ಚಾಲಕನೊಬ್ಬ ಹಡಗನ್ನೇರಿದನು. ಹತ್ತಿರದಲ್ಲಿ ಅಪಾಯಕರವಾದ ಬಂಡೆಗಳೇನಾದರೂ ಇವೆಯೇ ಎಂದು ಅವನನ್ನು ಕೇಳುವಂತೆ ಕಪ್ತಾನನು ಯುಂಗ್ ವಿಂಗನಿಗೆ ಹೇಳಿದನು. ಎಷ್ಟು ತಿಣುಕಿದರೂ ಯುಂಗ್ ವಿಂಗನಿಗೆ ಚೀನೀ ಮಾತುಗಳು ನೆನಪಿಗೆ ಬರಲಿಲ್ಲ. ಅದೃಷ್ಟಕ್ಕೆ ಆ ಚಾಲಕನು ಅಷ್ಟಿಷ್ಟು ಇಂಗ್ಲಿಷ್ ಬಲ್ಲವನು. ಆ ಪದಗಳಿಗೆ ಚೀನೀ ಭಾಷೆಯಲ್ಲಿ ಏನೆನ್ನುತ್ತಾರೆಂಬುದನ್ನು ಅವನೇ ಯುಂಗ್ ವಿಂಗನಿಗೆ ಹೇಳಿಕೊಟ್ಟನು! ಯೇಲಿನ ಪದವೀಧರನು ಕ್ಯಾಂಟನ್ ನಗರದಲ್ಲಿ ನೆಲೆಸಿ ಹಲವು ತಿಂಗಳು ತಾಯ್ನುಡಿಯನ್ನು ಮತ್ತೆ ಅಭ್ಯಾಸ ಮಾಡಬೇಕಾಯಿತು. ತನ್ನ ಆತ್ಮಕಥೆಯಲ್ಲಿ ಅವನು ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ.

ಆ ಕಾಲದಲ್ಲಿ ಚೀನ ಎರಡು ಯುದ್ಧಗಳಲ್ಲಿ ಪಾಶ್ಚಾತ್ಯರಿಗೆ ಸೋತು ತತ್ತರಿಸಿತ್ತು. ಫಿರಂಗಿಗಳೂ ಹಡಗುಗಳೂ ಬೇಕೆಂದು ಅಲ್ಲಿನ ಅಧಿಕಾರಿಗಳಿಗೆ ತೋರಿತು. ಯಂತ್ರಗಳನ್ನು ಕೊಂಡುತರಲು ಅವರು ಯುಂಗ್ ವಿಂಗನನ್ನೇ ಅಮೆರಿಕಕ್ಕೆ ಕಳುಹಿಸಿದರು. ಅವನು ತಂದ ಯಂತ್ರಗಳು ಶಾಂಘೈ ಬಳಿಯ ಆಯುಧ ಕಾರ್ಖಾನೆಯನ್ನು ಸೇರಿದವು. ಯಂತ್ರವನ್ನು ಹಡಗಿನಲ್ಲಿ ಹೇರಿಕೊಂಡು ಬರಬಹುದು. ಅದರ ಮರ್ಮವನ್ನು ಅರಿತ ಬುದ್ಧಿಯನ್ನು ಹಾಗೆ ಹೇರಿಕೊಂಡು ಬರಲಾಗದು. ಆ ಬುದ್ಧಿಯನ್ನು ಒಳಗೊಂಡ ಪುಸ್ತಕಗಳೆಲ್ಲ ಪರಭಾಷೆಯಲ್ಲಿದ್ದವು. ಎಳೆಯ ಹುಡುಗರನ್ನು ಆರಿಸಿ ಅಮೆರಿಕಕ್ಕೆ ಕಳುಹಿಸಿ, ಹದಿನೈದು ವರ್ಷ ಅಲ್ಲಿರಿಸಿ ಓದಿಸಬೇಕೆಂಬ ಯೋಜನೆಯನ್ನು ಯುಂಗ್ ವಿಂಗ್ ಮುಂದಿಟ್ಟನು. ಜೆಂಗ್ ಗುವೊಫಾನ್ ಮತ್ತು ಲಿ ಹಾಂಗ್‌ಜಾಂಗ್ ಎಂಬ ಪ್ರಬಲ ಅಧಿಕಾರಿಗಳು ಬೆಂಬಲಕ್ಕೆ ನಿಂತ ಮೇಲೆ ೧೮೭೧ರಲ್ಲಿ ಅರಮನೆಯ ಒಪ್ಪಿಗೆ ದೊರೆಯಿತು.

ಒಪ್ಪಿಗೆಯೇನೋ ದೊರೆಯಿತು, ಹುಡುಗರು ದೊರೆಯಲಿಲ್ಲ. ಸ್ಥಿತಿವಂತರು ತಮ್ಮ ಮಕ್ಕಳನ್ನು ಕನ್‌ಫ್ಯೂಷಿಯಸನ ಗ್ರಂಥಗಳ ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದರು. ಸರಕಾರದ ಉನ್ನತ ಹುದ್ದೆಗಳಿಗೆ ಅದೊಂದೇ ದಾರಿ. ಹೆಸರು ಕೇಳಿರದ ನಾಡಿಗೆ ಹತ್ತು ಹನ್ನೆರಡು ವರ್ಷದ ಮಗುವನ್ನು ಕಳುಹಿಸಲು ಯಾವ ತಾಯಿಯ ಕರುಳು ಒಪ್ಪೀತು? ಹೋದವರಲ್ಲಿ ಹೆಚ್ಚಿನವರು ಯುಂಗ್ ವಿಂಗನ ಸೀಮೆಯಾದ ಗುವಾಂಗ್‌ಡಾಂಗ್ ಪ್ರಾಂತದವರೇ. ಪ್ರತಿಯೊಬ್ಬ ತಂದೆಯೂ ಒಂದು ಕರಾರುಪತ್ರಕ್ಕೆ ರುಜು ಹಾಕಬೇಕಾಗಿತ್ತು: ಮಗನಿಗೆ ಪರದೇಶದಲ್ಲಿ ರೋಗ ಬರಲಿ, ಸಾವೇ ಬರಲಿ, ಅದು ವಿಧಿಯೇ ಹೊರತು ಸರಕಾರದ ಹೊಣೆಯಲ್ಲ. ಹಾಗೆ ರುಜು ಹಾಕಿದವರಲ್ಲಿ ಹನ್ನೊಂದು ವರ್ಷದ ಝಾನ್ ತಿಯೆನ್‌ಯೋ ಎಂಬ ಹುಡುಗನ ತಂದೆಯೂ ಒಬ್ಬನು.

ಹೊರಡುವುದಕ್ಕೆ ಮೊದಲು ಹುಡುಗರನ್ನು ಶಾಂಘೈನ ಸಿದ್ಧತಾ ಶಾಲೆಯೊಂದರಲ್ಲಿ ಇರಿಸಿ ಚೀನೀ ಭಾಷೆಯನ್ನೂ ಇಂಗ್ಲಿಷನ್ನೂ ಕಲಿಸಲಾಯಿತು. ಅಲ್ಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಹಡಗನ್ನೇರುವ ಭಾಗ್ಯ. ೧೮೭೨ರಿಂದ ೧೮೭೫ರವರೆಗೆ ವರ್ಷಕ್ಕೆ ಮೂವತ್ತರಂತೆ ನಾಲ್ಕು ತಂಡಗಳು ಹೊರಟವು. ಶಾಂತಸಾಗರವನ್ನು ದಾಟಿ ಸ್ಯಾನ್ ಫ್ರಾನ್ಸಿಸ್ಕೊ, ಅಲ್ಲಿಂದ ರೈಲಿನಲ್ಲಿ ಆ ಮಹಾಖಂಡದ ಒಂದು ತುದಿಯಿಂದ ಇನ್ನೊಂದು ತುದಿಗೆ ಪಯಣ. ಚೀನದಲ್ಲಿ ಆಗ ರೈಲು ಇರಲಿಲ್ಲ.

ಈ ಹುಡುಗರನ್ನೆಲ್ಲ ಒಂದೇ ವಸತಿಗೃಹದಲ್ಲಿ ಕೂಡಿಹಾಕಿದ್ದರೆ ಅವರು ತಮ್ಮತಮ್ಮಲ್ಲಿ ಚೀನೀ ಭಾಷೆಯಲ್ಲಿಯೇ ಮಾತನಾಡಿಕೊಂಡು, ದಿನಕ್ಕೆ ಎರಡು ಗಂಟೆ ಇಂಗ್ಲಿಷ್ ಪಾಠ ಕೇಳಿ ಮಲಗುತ್ತಿದ್ದರು. ಯುಂಗ್ ವಿಂಗ್ ಹಾಗೆ ಮಾಡಲಿಲ್ಲ. ಕನೆಕ್ಟಿಕಟ್ ಸಂಸ್ಥಾನದ ಶಿಕ್ಷಣಾಧಿಕಾರಿಯಾದ ನಾರ್ತ್‌ರಪ್ ಎಂಬವನ ಸಲಹೆಯಂತೆ ಹುಡುಗರನ್ನು ಇಬ್ಬಿಬ್ಬರಂತೆ, ಕೆಲವೆಡೆ ನಾಲ್ವರಂತೆ, ಆ ಸೀಮೆಯ ಗೃಹಸ್ಥರ ಮನೆಗಳಲ್ಲಿ ಇರಿಸಲಾಯಿತು. ಶಾಲೆಯ ಪಾಠಗಳನ್ನು ಅನುಸರಿಸಬಲ್ಲಷ್ಟು ಭಾಷೆ ಬರುವವರೆಗೆ ಅವರಿಗೆ ಮನೆಯೇ ಪಾಠಶಾಲೆ, ಮನೆಯೊಡತಿಯೇ ಉಪಾಧ್ಯಾಯಿನಿ. ಪ್ರಧಾನ ಕಚೇರಿ ಹಾರ್ಟ್‌ಫರ್ಡ್ ಪಟ್ಟಣದಲ್ಲಿತ್ತು.

ಆ ಮನೆಗಳಲ್ಲಿ ಭಾಷೆ ಹೇಗೆ ಬಂದಿತೆಂಬುದನ್ನು ಎರಡನೆಯ ತಂಡದಲ್ಲಿ ಬಂದಿದ್ದ ಯಾನ್ ಫೂ ಲೀ ಎಂಬವನು ೧೮೮೭ರಲ್ಲಿ ಇಂಗ್ಲಿಷಿನಲ್ಲಿಯೇ ಪ್ರಕಟಿಸಿದ ತನ್ನ ಬಾಲ್ಯದ ಕಥನದಲ್ಲಿ ವರ್ಣಿಸಿದ್ದಾನೆ. ಊಟದ ಮೇಜಿನ ಮೇಲಿರುವ ಒಂದೊಂದು ಪದಾರ್ಥದ ಹೆಸರನ್ನೂ ಮನೆಯವರು ಹೇಳಿಕೊಡುತ್ತಿದ್ದರು. ಹೆಸರು ನೆನಪಿಲ್ಲವೋ, ಆ ಪದಾರ್ಥ ತಟ್ಟೆಗೆ ಬೀಳುವಂತಿಲ್ಲ! ಈ ಕ್ರಮದಿಂದ ತಮ್ಮ ಪ್ರಗತಿ ಅಚ್ಚರಿಗೊಳಿಸುವಷ್ಟು ಬೇಗನೆ ಆಯಿತೆಂದು ಅವನು ನಗುತ್ತ ಬರೆಯುತ್ತಾನೆ. ಚೀನದ ಶಾಲೆಗಳಲ್ಲಿ, ನಮ್ಮ ಹಿಂದಿನ ಕೂಲಿಮಠಗಳಲ್ಲಿದ್ದಂತೆಯೇ, ಪಾಠವನ್ನು ಗಟ್ಟಿಯಾಗಿ ಕೂಗಿ ಬಾಯಿಪಾಠ ಮಾಡುವುದು ವಾಡಿಕೆ, ತಪ್ಪಿದರೆ ಬೆತ್ತ. ಹಸಿವೆ ಬೆತ್ತಕ್ಕಿಂತ ಒಳ್ಳೆಯ ಉಪಾಧ್ಯಾಯನೆಂಬುದು ಅವನಿಗೆ ಆ ಮೇಜಿನ ಬಳಿ ಗೊತ್ತಾಗಿರಬೇಕು.

ಪೇಚಿನ ಪ್ರಸಂಗಗಳೂ ನಡೆದವು. ಒಂದು ಭಾನುವಾರ ಮನೆಯವರು ಈ ಹುಡುಗರಿಗೆ ‘ಸಂಡೇ ಸ್ಕೂಲಿ’ಗೆ ಸಿದ್ಧರಾಗಿರೆಂದು ಹೇಳಿದರು. ಇಗರ್ಜಿಯಲ್ಲಿ ಭಾನುವಾರ ಮಕ್ಕಳಿಗೆ ನಡೆಯುವ ಧರ್ಮಬೋಧೆಯ ತರಗತಿಗೆ ಆ ಹೆಸರು. ಹುಡುಗರಿಗೆ ಅರ್ಥವಾದುದು ‘ಸ್ಕೂಲ್’ ಎಂಬ ಒಂದೇ ಮಾತು. ಶಾಲೆಗೆಂದೇ ಉತ್ಸಾಹದಿಂದ ಹೊರಟರು. ಅಲ್ಲಿ ಕಂಡದ್ದು ಇಗರ್ಜಿ. ಕ್ರೈಸ್ತ ಮತಕ್ಕೆ ಸೇರಕೂಡದೆಂಬ ಕಟ್ಟಪ್ಪಣೆ ಅವರಿಗಿತ್ತು. ದಿಗಿಲುಬಿದ್ದು ಅವರು ಮನೆಯ ಕಡೆಗೆ ಓಟ ಕಿತ್ತರು. ಪದದ ಅರ್ಧ ತಿಳಿದು ಅರ್ಧ ತಿಳಿಯದಿದ್ದರೆ ಆಗುವ ಫಜೀತಿ ಇದು. ಆದರೆ ಆ ಪದವನ್ನು ಅವರು ಮುಂದೆ ಎಂದಾದರೂ ಮರೆತಿರಲಾರರು.

ಕೆಲವೇ ವರ್ಷಗಳಲ್ಲಿ ಈ ಹುಡುಗರು ಊರಿನ ಶಾಲೆಗಳಲ್ಲಿ ಮುಂದಿನ ಸಾಲಿನ ವಿದ್ಯಾರ್ಥಿಗಳಾದರು. ಮೊದಮೊದಲು ಅವರ ಉದ್ದನೆಯ ನಿಲುವಂಗಿಗಳನ್ನೂ ಬೆನ್ನ ಮೇಲೆ ಇಳಿಬಿದ್ದ ಜಡೆಗಳನ್ನೂ ಕಂಡು ಬೀದಿಯ ಹುಡುಗರು ಹೆಣ್ಣುಮಕ್ಕಳೆಂದು ಗೇಲಿ ಮಾಡುತ್ತಿದ್ದರು. ನಿಲುವಂಗಿ ಹೋಗಿ ಕೋಟು ಬಂದಿತು. ಜಡೆಯನ್ನು ಮಾತ್ರ ಕತ್ತರಿಸುವಂತಿರಲಿಲ್ಲ. ಅದನ್ನು ಕತ್ತರಿಸುವುದೆಂದರೆ ಚೀನದ ಚಕ್ರವರ್ತಿಗೆ ದ್ರೋಹ ಬಗೆದಂತೆ. ಜಡೆಯನ್ನು ಸುತ್ತಿ ಬಚ್ಚಿಟ್ಟುಕೊಂಡು ಅವರು ಆಟದ ಬಯಲಿಗೆ ಇಳಿದರು, ತಮ್ಮದೇ ಒಂದು ಬೇಸ್‌ಬಾಲ್ ತಂಡವನ್ನು ಕಟ್ಟಿದರು. ಚೆಂಡಿನಾಟದಲ್ಲಿ ಕೂಗಬೇಕಾದ ಮಾತಿಗೆ ವ್ಯಾಕರಣವನ್ನು ಯೋಚಿಸಲು ಸಮಯವಿರುವುದಿಲ್ಲ. ಇಂಗ್ಲಿಷ್ ಅವರಿಗೆ ಪಾಠದ ಭಾಷೆಯಾಗಿ ಉಳಿಯದೆ ಜಗಳದ, ನಗೆಯ, ಗೆಳೆತನದ ಭಾಷೆಯೂ ಆಯಿತು.

ಯೋಜನೆಗೆ ಕುತ್ತು ಬಂದುದು ಈ ಯಶಸ್ಸಿನಿಂದಲೇ.

ಹುಡುಗರು ತಾಯ್ನುಡಿಯನ್ನು ಮರೆಯಬಾರದೆಂದು ಸರಕಾರ ಮೊದಲೇ ಏರ್ಪಾಡು ಮಾಡಿತ್ತು. ಅವರು ಸರದಿಯ ಮೇಲೆ ಗುಂಪುಗುಂಪಾಗಿ ಹಾರ್ಟ್‌ಫರ್ಡಿನ ಕಚೇರಿಗೆ ಬಂದು ಕೆಲವು ದಿನ ತಂಗಿದ್ದು ಚೀನೀ ಗ್ರಂಥಗಳನ್ನು ಓದಬೇಕಾಗಿತ್ತು. ಈ ಮುನ್ನೆಚ್ಚರಿಕೆ ಅನವಶ್ಯಕವಾದುದೆಂದು ಹೇಳುವಂತಿಲ್ಲ; ಹಡಗಿನ ಮೇಲೆ ಮಾತು ಮರೆತು ನಿಂತ ಯುಂಗ್ ವಿಂಗನ ಅವಸ್ಥೆಯೇ ಅದಕ್ಕೆ ಸಾಕ್ಷಿ. ಆದರೆ ಮನೆಗಳಲ್ಲಿ ಅಕ್ಕರೆಯಿಂದ ಬಂದ ಇಂಗ್ಲಿಷಿಗೂ, ಕಚೇರಿಯಲ್ಲಿ ಗದರಿಕೆಯಿಂದ ಬಂದ ಚೀನೀ ಭಾಷೆಗೂ ಸಮಸ್ಪರ್ಧೆ ಸಾಧ್ಯವಿರಲಿಲ್ಲ. ಹುಡುಗರು ಆ ಕಟ್ಟಡವನ್ನು ‘ನರಕದ ಮನೆ’ ಎಂದು ಕರೆಯುತ್ತಿದ್ದರಂತೆ. ತಾಯ್ನುಡಿಯ ಪಾಠಕ್ಕೆ ಇಂಥ ಹೆಸರು ಬಂದುದು ಮಕ್ಕಳ ತಪ್ಪಲ್ಲ.

ಹೊಸದಾಗಿ ಬಂದ ಮೇಲ್ವಿಚಾರಕನೊಬ್ಬನ ಕಣ್ಣಿಗೆ ಎಲ್ಲವೂ ಅಪರಾಧವಾಗಿಯೇ ಕಂಡಿತು. ಹುಡುಗರು ಹಿರಿಯರೆದುರು ನೆಲಕ್ಕೆ ಹಣೆಯಿಟ್ಟು ವಂದಿಸುವುದಿಲ್ಲ, ಆಟದಲ್ಲಿ ಕಾಲ ಕಳೆಯುತ್ತಾರೆ, ಕೆಲವರು ಕ್ರೈಸ್ತರಾಗುತ್ತಿದ್ದಾರೆ, ಚೀನೀ ಅಕ್ಷರಗಳನ್ನು ಮರೆಯುತ್ತಿದ್ದಾರೆ ಎಂದು ಅವನು ವರದಿಯ ಮೇಲೆ ವರದಿ ಬರೆದನು. ಅದರಲ್ಲಿ ಸುಳ್ಳೆಷ್ಟೋ ಅಷ್ಟೇ ನಿಜವೂ ಇತ್ತು. ಇದೇ ಕಾಲಕ್ಕೆ ಅಮೆರಿಕವೂ ಮುಖ ತಿರುಗಿಸಿತು. ಚೀನೀ ಕೂಲಿಕಾರರ ಮೇಲಿನ ದ್ವೇಷ ಅಲ್ಲಿ ದಿನೇ ದಿನೇ ಬೆಳೆಯುತ್ತಿತ್ತು. ಹುಡುಗರಲ್ಲಿ ಕೆಲವರನ್ನು ಸೈನ್ಯದ ಮತ್ತು ನೌಕಾದಳದ ವಿದ್ಯಾಲಯಗಳಿಗೆ ಸೇರಿಸಬೇಕೆಂದು ಚೀನ ಕೇಳಿಕೊಂಡಾಗ ಅಮೆರಿಕ ಸರಕಾರ ನಿರಾಕರಿಸಿತು. ಅತ್ತ ದರಿ, ಇತ್ತ ಪುಲಿ.

ಯೋಜನೆಯನ್ನು ಉಳಿಸಲು ಪ್ರಯತ್ನಗಳು ನಡೆಯದೆ ಇರಲಿಲ್ಲ. ಯೇಲಿನ ಅಧ್ಯಕ್ಷನು ಇತರ ವಿದ್ವಾಂಸರೊಡಗೂಡಿ ಚೀನ ಸರಕಾರಕ್ಕೆ ಪತ್ರ ಬರೆದನು. ಹಾರ್ಟ್‌ಫರ್ಡಿನ ನಿವಾಸಿಯಾಗಿದ್ದ ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನ್ ತನ್ನ ಪಾದ್ರಿ ಮಿತ್ರನೊಡನೆ ಮಾಜಿ ಅಧ್ಯಕ್ಷ ಗ್ರಾಂಟನನ್ನು ಕಂಡು, ಲಿ ಹಾಂಗ್‌ಜಾಂಗನಿಗೆ ಬರೆಯುವಂತೆ ಒಪ್ಪಿಸಿದನು. ಇದರಿಂದ ಕೆಲವು ತಿಂಗಳ ಗಡುವು ದೊರೆಯಿತು, ಅಷ್ಟೆ. ೧೮೮೧ರಲ್ಲಿ ಹುಡುಗರೆಲ್ಲ ಕೂಡಲೇ ಹಿಂದಿರುಗಬೇಕೆಂಬ ಆಜ್ಞೆ ಬಂದಿತು. ಹದಿನೈದು ವರ್ಷದ ವ್ಯಾಸಂಗ ಒಂಬತ್ತನೆಯ ವರ್ಷಕ್ಕೇ ಮುರಿದುಬಿದ್ದಿತು. ಆ ವೇಳೆಗೆ ಪದವಿಯನ್ನು ಪಡೆದಿದ್ದವರು ಇಬ್ಬರೇ. ಅವರಲ್ಲಿ ಒಬ್ಬನು, ಯೇಲಿನಲ್ಲಿ ಎಂಜಿನಿಯರಿಂಗ್ ಓದಿದ ಝಾನ್ ತಿಯೆನ್‌ಯೋ.

ಶಾಂಘೈ ಬಂದರಿನಲ್ಲಿ ಇಳಿದ ತರುಣರನ್ನು ಯಾರೂ ಆದರದಿಂದ ಎದುರುಗೊಳ್ಳಲಿಲ್ಲ. ಕಾವಲುಗಾರರ ನಡುವೆ ಅವರನ್ನು ನಡೆಸಿಕೊಂಡು ಹೋಗಿ ಹಾಳುಬಿದ್ದ ಶಾಲೆಯೊಂದರಲ್ಲಿ ಇರಿಸಲಾಯಿತು. ಅನಂತರ ಯಾರ ವಿದ್ಯೆಗೆ ಯಾವ ಕೆಲಸ ತಕ್ಕುದೆಂಬುದನ್ನು ವಿಚಾರಿಸದೆ ಹಂಚಿಬಿಟ್ಟರು. ರೈಲುಮಾರ್ಗಗಳನ್ನು ನಿರ್ಮಿಸಲು ಓದಿಬಂದ ಝಾನ್‌ನನ್ನು ಹಡಗು ನಡೆಸುವುದನ್ನು ಕಲಿಯಲು ಫೂಜೌ ನೌಕಾಶಾಲೆಗೆ ಕಳುಹಿಸಿದರು! ೧೮೮೪ರಲ್ಲಿ ಅದೇ ಬಂದರಿನಲ್ಲಿ ಫ್ರೆಂಚರೊಡನೆ ನಡೆದ ಕದನದಲ್ಲಿ ಅವನ ಸಂಗಡಿಗರಲ್ಲಿ ಕೆಲವರು ಮಡಿದರು. ಅವನು ಕೆಲವು ಕಾಲ ಕ್ಯಾಂಟನ್ನಿನ ಕಡೆಯ ಶಾಲೆಯಲ್ಲಿ ಇಂಗ್ಲಿಷ್ ಬೋಧಿಸುತ್ತ ದಿನ ಕಳೆದನು. ಅವನ ಕೈಗೆ ರೈಲಿನ ಕೆಲಸ ಬಂದುದು ೧೮೮೮ರಲ್ಲಿ, ಮರಳಿ ಬಂದ ಏಳು ವರ್ಷಗಳ ಮೇಲೆ.

ಮುಂದೆ ಬೀಜಿಂಗಿನಿಂದ ಉತ್ತರದ ಜಾಂಗ್‌ಜಿಯಾಕೌ ಪಟ್ಟಣಕ್ಕೆ ರೈಲುಮಾರ್ಗವನ್ನು ಹಾಕಬೇಕಾಗಿ ಬಂದಿತು. ಅದನ್ನು ನಿರ್ಮಿಸುವ ಅಧಿಕಾರಕ್ಕಾಗಿ ಇಂಗ್ಲೆಂಡ್ ಮತ್ತು ರಷ್ಯ ಪೈಪೋಟಿ ನಡೆಸಿದವು. ಇಬ್ಬರ ಹಂಗೂ ಬೇಡವೆಂದು ಚೀನ ಆ ಕೆಲಸವನ್ನು ೧೯೦೫ರಲ್ಲಿ ಝಾನ್‌ನಿಗೆ ಒಪ್ಪಿಸಿತು. ಸುಮಾರು ೨೦೦ ಕಿಲೋಮೀಟರುಗಳ ಆ ದಾರಿ ಮಹಾಗೋಡೆಯ ಬೆಟ್ಟಗಳನ್ನು ಹಾದುಹೋಗುತ್ತದೆ. ಅಲ್ಲಿ ೧,೦೯೧ ಮೀಟರು ಉದ್ದದ ಸುರಂಗವನ್ನು ಕೊರೆಯಬೇಕಾಗಿತ್ತು. ಎರಡು ತುದಿಗಳಿಂದ ಮಾತ್ರವಲ್ಲದೆ ಬೆಟ್ಟದ ನೆತ್ತಿಯಿಂದಲೂ ಬಾವಿಗಳನ್ನು ತೋಡಿಸಿ ನಡುವಿನಿಂದಲೂ ಕೊರೆಯುವಂತೆ ಅವನು ಮಾಡಿದನು. ಕಡಿದಾದ ಏರಿನಲ್ಲಿ ರೈಲು ಒಮ್ಮೆ ಮುಂದಕ್ಕೆ ಹತ್ತಿ, ಅನಂತರ ದಿಕ್ಕು ಬದಲಿಸಿ ಹಿಮ್ಮುಖವಾಗಿ ಇನ್ನೊಂದು ಹಳಿಯ ಮೇಲೆ ಹತ್ತುವಂತೆ ಹಾದಿಯನ್ನು ಮಡಿಸಿದನು. ಪರದೇಶದ ಎಂಜಿನಿಯರರ ನೆರವಿಲ್ಲದೆ ಚೀನೀಯರೇ ಯೋಜಿಸಿ ಕಟ್ಟಿದ ಈ ಮಾರ್ಗ ೧೯೦೯ರಲ್ಲಿ ಸಂಚಾರಕ್ಕೆ ತೆರೆಯಿತು.

ಝಾನ್‌ನ ಸಂಗಡಿಗರೂ ಅಲ್ಲಲ್ಲಿ ತಲೆಯೆತ್ತಿದರು. ಕೊನೆಯ ತಂಡದಲ್ಲಿ ಹೋಗಿದ್ದ ಲಿಯಾಂಗ್ ಚೆಂಗ್, ಶಾಲಾಬಾಲಕನಾಗಿ ಓಡಾಡಿದ್ದ ಅಮೆರಿಕಕ್ಕೆ ೧೯೦೩ರಲ್ಲಿ ಚೀನದ ರಾಯಭಾರಿಯಾಗಿ ಹೋದನು. ಬಾಕ್ಸರ್ ದಂಗೆಯ ಬಳಿಕ ಚೀನದಿಂದ ವಸೂಲಾಗುತ್ತಿದ್ದ ಪರಿಹಾರದ ಹಣ ನ್ಯಾಯವಾಗಿ ಸಲ್ಲಬೇಕಾದುದಕ್ಕಿಂತ ಬಹಳ ಹೆಚ್ಚಾಗಿದೆಯೆಂದು ಅವನು ವಾಷಿಂಗ್ಟನ್ನಿನಲ್ಲಿ ಪಟ್ಟುಹಿಡಿದು ವಾದಿಸಿದನು. ಹುಡುಗನಾಗಿದ್ದಾಗ ಕಲಿತ ಭಾಷೆ ಅವನಿಗೆ ಅಲ್ಲಿ ಒದಗಿತು. ಹೆಚ್ಚಿನ ಹಣವನ್ನು ಹಿಂದಿರುಗಿಸಲು ೧೯೦೮ರಲ್ಲಿ ಅಮೆರಿಕ ಸಮ್ಮತಿಸಿತು. ಆ ಹಣದಿಂದ ಚೀನೀ ವಿದ್ಯಾರ್ಥಿಗಳು ಮತ್ತೆ ಅಮೆರಿಕಕ್ಕೆ ಹೋಗತೊಡಗಿದರು. ಅವರನ್ನು ಭಾಷೆಯಲ್ಲಿಯೂ ವಿಷಯಗಳಲ್ಲಿಯೂ ಅಣಿಗೊಳಿಸಲೆಂದು ೧೯೧೧ರಲ್ಲಿ ಬೀಜಿಂಗಿನಲ್ಲಿ ತ್ಸಿಂಗ್‌ಹುವಾ ಎಂಬ ಸಿದ್ಧತಾ ಶಾಲೆ ಆರಂಭವಾಯಿತು. ಮರುವರ್ಷ ಅದರ ಮುಖ್ಯಸ್ಥನಾದ ತಾಂಗ್ ಗುವೊಆನ್ ಕೂಡ ನೂರಿಪ್ಪತ್ತು ಹುಡುಗರಲ್ಲಿ ಒಬ್ಬನೇ. ಈ ಬಾರಿ ಹುಡುಗರು ತಮ್ಮ ನೆಲದಲ್ಲಿಯೇ ಎರಡು ಭಾಷೆಗಳಲ್ಲಿಯೂ ಬಲಿತು, ಪ್ರಾಯಕ್ಕೆ ಬಂದ ಮೇಲೆ ಕಡಲು ದಾಟುತ್ತಿದ್ದರು. ಆ ಶಾಲೆಯೇ ಬೆಳೆದು ತ್ಸಿಂಗ್‌ಹುವಾ ವಿಶ್ವವಿದ್ಯಾನಿಲಯವಾಗಿದೆ.

ಯುಂಗ್ ವಿಂಗ್ ೧೯೧೨ರಲ್ಲಿ ಹಾರ್ಟ್‌ಫರ್ಡಿನಲ್ಲಿ ತೀರಿಕೊಂಡನು. ಝಾನ್ ತಿಯೆನ್‌ಯೋ ೧೯೧೯ರವರೆಗೆ ಬದುಕಿದ್ದನು. ರೈಲುಮಾರ್ಗದ ಕೆಲಸ ಮುಗಿದ ಮೇಲೆ ಅವನಿಗೊಂದು ಕೊರತೆ ಕಾಡುತ್ತಿದ್ದಿರಬೇಕು. ತಾನು ಯೇಲಿನಲ್ಲಿ ಇಂಗ್ಲಿಷಿನ ಮೂಲಕ ಕಲಿತ ವಿದ್ಯೆಯನ್ನು ಆ ಭಾಷೆಯನ್ನರಿಯದ ತರುಣರಿಗೆ ಹೇಳಿಕೊಡಬೇಕಾದರೆ ಅನೇಕ ಕಡೆ ಚೀನೀ ಪದಗಳೇ ನೆಲೆನಿಂತಿರಲಿಲ್ಲ. ಅವನು ಎಂಜಿನಿಯರಿಂಗಿನ ಪದಗಳನ್ನು ಒಂದೊಂದಾಗಿ ಸಂಗ್ರಹಿಸಿ, ಇಂಗ್ಲಿಷ್ ಪದದ ಎದುರಿಗೆ ಚೀನೀ ಪದವನ್ನು ಇರಿಸುತ್ತ ಹೋದನು. ಆ ನಿಘಂಟು ೧೯೧೫ರಲ್ಲಿ ಅಚ್ಚಾಯಿತು.